ಬಾವಿ ತಿರುವಿನ ನಾಲ್ವರು

ಕೊನೆಯ ಬಸ್ಸು ಅವಳನ್ನು ಇಳಿಸಿ ಹೋದಾಗ ಹತ್ತೂವರೆ ದಾಟಿತ್ತು. ಬಸ್ಸಿನ ಹಿಂದಿನ ಕೆಂಪು ದೀಪ ಕಾಣುತ್ತಿರುವವರೆಗೂ ಧೈರ್ಯ ಇತ್ತು... ಆಮೇಲೆ ಇರಲಿಲ್ಲ.

ಅವಳು ಅಂದರೆ ನನ್ನ ಚಿಕ್ಕಮ್ಮನ ಮಗಳು. ರಸ್ತೆ ಕಚೇರಿಯಲ್ಲಿ ಕೆಲಸ. ಅಲ್ಲಿ ಎಲ್ಲರೂ ಅವಳನ್ನು ‘ಎಣಿಕೆ’ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ನಿಜವಾದ ಹೆಸರು ಬಾಯಿಬಿಟ್ಟರೆ ನಾಳೆ ಬೆಳಗ್ಗೆ ನನ್ನ ಮನೆ ಬಾಗಿಲಲ್ಲಿ ನಿಂತು ಜಗಳ ತೆಗೆಯುವ ಪೈಕಿ ಅವಳು.

ಬಸ್ ಸ್ಟಾಪಿನಿಂದ ಅವಳ ಮನೆಗೆ ಬಾವಿ ತಿರುವು ದಾಟಿಯೇ ಹೋಗಬೇಕು. ರಸ್ತೆ ಸೊಂಟ ಮುರಿದ ಹಾಗೆ ಅಲ್ಲಿ ತಟ್ಟನೆ ಬಲಕ್ಕೆ ಹೊರಳುತ್ತದೆ. ಎಡಗಡೆ ಹಳೇ ಬಾವಿ, ಮೊಣಕಾಲೆತ್ತರದ ಕಟ್ಟೆ. ದೀಪ ಇಲ್ಲ, ತಡೆಕಂಬಿ ಇಲ್ಲ. ವೇಗವಾಗಿ ಬಂದವನು ಹೊರಳದಿದ್ದರೆ ನೇರ ಬಾವಿಗೇ.

ಆ ರಾತ್ರಿ ಅವಳಿಗೆ ಹೊತ್ತಾಗಿದ್ದು ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹೇಳದೆ ಮುಂದೆ ಹೋದರೆ ನೀವು ಅವಳನ್ನು ಪಾಪ ಅಂದುಕೊಂಡುಬಿಡುತ್ತೀರಿ.

ಅವಳ ಕೆಲಸ ಏನು ಗೊತ್ತೇ? ಮುಂದೆ ಯಾವ ರಸ್ತೆಯಲ್ಲಿ ಎಷ್ಟು ಜನ ಅಪಘಾತವಾಗಿ ಬೀಳುತ್ತಾರೆ ಅಂತ ಲೆಕ್ಕ ಹಾಕುವುದು. ನಗಬೇಡಿ, ಇದಕ್ಕೂ ಓದು ಇದೆಯಂತೆ. ಒಂದು ರಸ್ತೆಯಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಾಡುತ್ತವೆ, ಅಗಲ ಎಷ್ಟು, ತಿರುವು ಎಷ್ಟು ಚೂಪು, ದೀಪ ಇದೆಯೋ ಇಲ್ಲವೋ, ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಬೇಕು. ಅದು ‘ಇಲ್ಲಿ ವರ್ಷಕ್ಕೆ ಇಷ್ಟು’ ಅಂತ ಒಂದು ಅಂಕೆ ಉಗುಳುತ್ತದೆ. ದೊಡ್ಡ ಅಂಕೆ ಇದ್ದ ಜಾಗಕ್ಕೆ ಮೊದಲು ದೀಪ, ತಡೆಕಂಬಿ. ನಾನು ಓದಿದ್ದು ಮೂರನೇ ಕ್ಲಾಸು, ನನಗೇ ಅರ್ಥವಾಯಿತು.

ಬಾವಿ ತಿರುವಿಗೆ ಬಂದ ಅಂಕೆ ನಾಲ್ಕು. ಪಟ್ಟಿಯಲ್ಲಿ ಅದೇ ಮೊದಲನೆಯದು. ಆ ವರ್ಷ ಒಂದೇ ಜಾಗಕ್ಕೆ ಕಂಬಿ ಸಿಗುವುದಿತ್ತು.

ಆದರೆ ಅವಳ ಮೇಲಧಿಕಾರಿ ಒಬ್ಬನಿದ್ದ. ಸುಳ್ಳು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ, ಅದಕ್ಕೇ ‘ಗಂಟಲು’ ಅಂತ ಹೆಸರು ಬಿದ್ದಿತ್ತು. ಆ ಮನುಷ್ಯನ ಕಾರು ಮುಖ್ಯರಸ್ತೆಯ ಒಂದು ಬಟ್ಟೆ ಅಂಗಡಿಯ ಮುಂದೆ ನಿಲ್ಲದ ಮಧ್ಯಾಹ್ನ ಇರಲಿಲ್ಲ. ಅಷ್ಟೊಂದು ಬಟ್ಟೆ ಹೊಲಿಸಿದ್ದರೆ ಅವನ ಹೆಂಡತಿ ದಿನಕ್ಕೆ ಮೂರು ಸಲ ಬದಲಾಯಿಸಬೇಕಿತ್ತು. ಆಯಮ್ಮನ ಮೈಮೇಲೆ ಇದ್ದದ್ದು ಮಾತ್ರ ಅದೇ ಎರಡು ಸೀರೆ. ಅಂಗಡಿಯಾಕೆ ಕೇಳಿದಳಂತೆ, ‘ನನ್ನ ಅಂಗಡಿ ಮುಂದೆ ಗಾಡಿಗಳು ಮೈಮೇಲೆ ಬರ್ತವೆ, ಒಂದು ಕಂಬಿ ಹಾಕಿಸ್ಕೊಡೋಕಾಗಲ್ವಾ ನಿಮ್ಮ ಕೈಲಿ?’ ಅಂತ. ಇವನು ಕರಗಿ ನೀರಾದ.

ಸಂಜೆ ಐದಕ್ಕೆ ಎಣಿಕೆಯ ಮೇಜಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

‘ಬಾವಿ ತಿರುವಲ್ಲಿ ಎರಡು ವರ್ಷದಿಂದ ಯಾರಾದ್ರೂ ಬಿದ್ದಿದ್ದಾರೇನ್ರೀ?’

‘ಇಲ್ಲ ಸಾರ್. ಆದ್ರೆ ಅದು ಅದೃಷ್ಟ. ತಿರುವು ನೋಡಿದ್ರೆ...’

‘ಅದೃಷ್ಟಕ್ಕೆ ಯಾಕ್ರೀ ಕಂಬಿ? ಸ್ವಲ್ಪ ನೋಡಿ ಮಾಡಿ. ಇಲ್ಲಾಂದ್ರೆ ನಿಮಗೆ ದೂರದ ಕಚೇರಿಗೆ ವರ್ಗ ಬರೋ ಹಾಗಿದೆ ಅಂತ ಕೇಳಿದೆ.’

ಗಂಡ ಇನ್ನೊಂದು ಸಂಸಾರ ಹೂಡಿಕೊಂಡು ಹೋದ ಮೇಲೆ ಇವಳಿಗೆ ಇದ್ದದ್ದು ಆ ಕೆಲಸ, ಮತ್ತೆ ಒಬ್ಬಳೇ ಮಗಳು. ಮಗಳು ಆಸ್ಪತ್ರೆಯಲ್ಲಿ ನರ್ಸು. ಇವಳು ಎಲ್ಲರೂ ಹೋಗುವವರೆಗೆ ಕೂತಳು. ರಾತ್ರಿ ಒಂಬತ್ತಕ್ಕೆ ಕಂಪ್ಯೂಟರಿನಲ್ಲಿ ಒಂದೇ ಒಂದು ಜಾಗ ತಿದ್ದಿದಳು.

ತಿರುವು ಎಷ್ಟು ಚೂಪು ಅಂತ ಬರೆಯುವುದಕ್ಕೆ ಅವರಲ್ಲಿ ಒಂದು ಕ್ರಮ ಇದೆ. ಆ ತಿರುವನ್ನು ಹಾಗೇ ಬಗ್ಗಿಸಿಕೊಂಡು ಹೋಗಿ ಪೂರ್ತಿ ಚಕ್ರ ಮಾಡಿದರೆ, ಚಕ್ರದ ನಡುವಿನಿಂದ ಅಂಚಿಗೆ ಎಷ್ಟು ದೂರ ಅನ್ನುವುದು. ಬಾವಿ ತಿರುವಿಗೆ ಅರವತ್ತು ಮೀಟರು. ಅಂಕೆ ಸಣ್ಣದಾದಷ್ಟೂ ತಿರುವು ಚೂಪು. ಇವಳು ಅರವತ್ತರ ಎಡಕ್ಕೆ ಒಂದು ಅಂತ ಒತ್ತಿದಳು. ನೂರ ಅರವತ್ತಾಯಿತು. ಕಂಪ್ಯೂಟರಿನಲ್ಲಿ ಆ ತಿರುವು ಮೆತ್ತಗೆ ಬಾಗಿದ ಒಳ್ಳೇ ರಸ್ತೆಯಾಗಿಬಿಟ್ಟಿತು. ನಾಲ್ಕು ಇದ್ದದ್ದು ಒಂದಕ್ಕೆ ಇಳಿಯಿತು. ಪಟ್ಟಿಯ ತಲೆಯಲ್ಲಿ ಬಟ್ಟೆ ಅಂಗಡಿ ಬಂದು ಕೂತಿತು. ಪಟ್ಟಿ ಹೋಗುವುದು ಮರುದಿನ ಬೆಳಗ್ಗೆ.

ಇನ್ನೊಂದು ಮಾತು. ಇದನ್ನು ಹೇಳದೆ ಬಿಟ್ಟರೆ ನನ್ನ ನಾಲಿಗೆ ನನ್ನನ್ನೇ ಬೈಯುತ್ತದೆ. ಆಸ್ಪತ್ರೆಯಿಂದ ಅವರ ಮನೆಗೆ ಎರಡು ದಾರಿ. ಮಾರುಕಟ್ಟೆ ಸುತ್ತಿಕೊಂಡು ಬರುವುದು ಒಂದು, ಬಾವಿ ತಿರುವಿನದು ಇನ್ನೊಂದು. ಅಂಕೆ ನಾಲ್ಕು ಅಂತ ಗೊತ್ತಾದ ದಿನವೇ ಇವಳು ಮಗಳಿಗೆ, ‘ಸ್ಕೂಟರಲ್ಲಿ ಬಾವಿ ಕಡೆ ಬರಬೇಡ, ಮಾರ್ಕೆಟ್ ಕಡೆಯಿಂದ್ಲೇ ಬಾ’ ಅಂತ ತಾಕೀತು ಮಾಡಿದ್ದಳು. ಊರಿನವರಿಗೆ ಒಂದು ದಾರಿ, ತನ್ನ ಮಗಳಿಗೆ ಇನ್ನೊಂದು. ನೋಡಿಕೊಳ್ಳಿ.

ಸರಿ. ಈಗ ನಡಿಗೆಗೆ ಬರೋಣ.

ಆ ತಿರುವು ಅವಳಿಗೆ ಅಂಗೈ ಗೆರೆ. ಶುರುವಿನ ಕಲ್ಲಿನಿಂದ ತೊಂಬತ್ತು ಹೆಜ್ಜೆ ಹಾಕಿದರೆ ತಿರುವು ಮುಗಿದು, ಅವಳ ಬೀದಿಯ ಮೊದಲ ದೀಪ ಕಾಣಬೇಕು. ಅವಳು ಏನನ್ನೂ ಎಣಿಸದೆ ಬಿಟ್ಟವಳಲ್ಲ, ಹೆಜ್ಜೆಯನ್ನೂ ಎಣಿಸುತ್ತಾಳೆ.

ಎಂಬತ್ತೆಂಟು... ಎಂಬತ್ತೊಂಬತ್ತು... ತೊಂಬತ್ತು.

ದೀಪ ಕಾಣಲಿಲ್ಲ.

ಕರೆಂಟು ಹೋಗಿರಬೇಕು ಅಂದುಕೊಂಡಳು. ನೂರು. ನೂರಹತ್ತು. ರಸ್ತೆ ಇನ್ನೂ ಬಾಗುತ್ತಲೇ ಇತ್ತು... ಮೆತ್ತಗೆ, ನಿಧಾನಕ್ಕೆ, ದೊಡ್ಡ ಚಕ್ರದ ಅಂಚಿನ ಹಾಗೆ. ಎಡಗಡೆ ಬಾವಿ ಕಟ್ಟೆ ಬಂದಿರಲೇ ಇಲ್ಲ. ಚಪ್ಪಲಿಯ ಸದ್ದು ಮಾತ್ರ, ಚರಕ್ ಚರಕ್ ಅಂತ.

ಆಗ ಮುಂದೆ ಎಲ್ಲೋ... ಟಪ್. ಟಪ್.

ಆ ಸದ್ದು ಅವಳಿಗೆ ಗೊತ್ತು. ಗಾಡಿ ಎಣಿಸುವುದಕ್ಕೆ ಅವರ ಕಚೇರಿಯವರೇ ರಸ್ತೆಗೆ ಅಡ್ಡ ಒಂದು ಕಪ್ಪು ರಬ್ಬರ್ ಕೊಳವೆ ಹಾಸಿದ್ದರು. ಗಾಡಿಯ ಮುಂದಿನ ಚಕ್ರ ಹತ್ತಿದರೆ ಒಂದು ಟಪ್, ಹಿಂದಿನದಕ್ಕೆ ಇನ್ನೊಂದು. ಆದರೆ ಗಾಡಿ ಇಲ್ಲ. ಬೆಳಕಿಲ್ಲ. ಎಂಜಿನ್ ಸದ್ದಿಲ್ಲ.

ಟಪ್. ಟಪ್.

ಟಪ್. ಟಪ್.

ಟಪ್. ಟಪ್.

ಒಟ್ಟು ನಾಲ್ಕು ಗಾಡಿ, ಅಂತ ಎಣಿಸಿದಳು. ಆ ಹೊತ್ತಲ್ಲೂ.

ನೂರ ಇಪ್ಪತ್ತನೇ ಹೆಜ್ಜೆಗೆ ಬಾವಿ ಬಂತು. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಈ ತುದಿಗೆ ತೊಡೆ ಮೇಲೆ ಊಟದ ಡಬ್ಬಿ ಇಟ್ಟುಕೊಂಡ ಒಬ್ಬ ಮುದುಕ. ಅವನ ಪಕ್ಕ ಒದ್ದೆ ಕೂದಲಿನ ಒಬ್ಬ ಹೆಂಗಸು. ಆಮೇಲೆ ಒಬ್ಬ ದಪ್ಪ ಮನುಷ್ಯ, ಒಂದೇ ಕಾಲಲ್ಲಿ ಚಪ್ಪಲಿ. ಆ ತುದಿಗೆ ಬಾವಿ ಕಡೆ ಮುಖ ಮಾಡಿ ಇನ್ನೊಬ್ಬಳು, ಬೆನ್ನು ಮಾತ್ರ ಕಾಣುತ್ತಿತ್ತು.

ಎಣಿಕೆ ತಲೆ ತಗ್ಗಿಸಿ ದಾಟಿಬಿಡೋಣ ಅಂತ ನೋಡಿದಳು.

‘ತಾಯೀ,’ ಅಂದ ಮುದುಕ. ಪಿಸುಮಾತು. ‘ಎಣಿಸೋರು ನೀವೇ ಅಲ್ವಾ?’

ಎಣಿಕೆ ನಿಂತಳು. ‘...ಹೂಂ.’

‘ನಾಲ್ಕು ಜನ ಅಂತ ಹೇಳಿದ್ರು. ಬಂದು ಕೂತ್ವಿ. ಈಗ ನೀವು ಒಬ್ಬರು ಸಾಕು ಅಂತ ಬರೆದ್ರಂತೆ?’

‘ಯಾರು... ಯಾರು ಹೇಳಿದ್ದು?’

ಹೆಂಗಸು ತಲೆ ಎತ್ತದೆ ಹೇಳಿದಳು. ‘ಆ ಒಬ್ಬರು ಯಾರು ಅಂತ ಹೇಳ್ಬಿಡಿ ಅಕ್ಕ. ಉಳಿದೋರು ಮನೆಗೆ ಹೋಗ್ತೀವಿ. ಮಗೂನ ಮಲಗಿಸಿ ಬಂದಿದ್ದೀನಿ.’

ಎಣಿಕೆ ಒಂದು ಹೆಜ್ಜೆ ಹಿಂದೆ ಸರಿದಳು. ‘ನೀವೆಲ್ಲ... ಹೋದೋರಾ?’

ಮುದುಕ ನಕ್ಕ. ನಕ್ಕಿದ್ದು ಕೆಟ್ಟದಾಗಿ ಅಲ್ಲವಂತೆ, ಕಚೇರಿಯಲ್ಲಿ ತಪ್ಪು ಕಿಟಕಿಗೆ ಬಂದವರನ್ನು ನೋಡಿ ನಗುತ್ತಾರಲ್ಲ, ಹಾಗೆ.

‘ಇನ್ನೂ ಇಲ್ಲ ತಾಯೀ. ನಾವು ಈ ವರ್ಷದೋರು.’

ದಪ್ಪ ಮನುಷ್ಯ ಚಪ್ಪಲಿ ಇಲ್ಲದ ಕಾಲನ್ನು ಇನ್ನೊಂದು ಕಾಲಿಗೆ ಉಜ್ಜುತ್ತಿದ್ದ, ಸರ್... ಸರ್... ಅಂತ.

‘ಹೇಳಿ. ಹೊತ್ತಾಯ್ತು,’ ಅಂದ ಮುದುಕ.

‘ನನಗೆ ಗೊತ್ತಿಲ್ಲ,’ ಅಂದಳು ಎಣಿಕೆ. ‘ನಮ್ಮ ಲೆಕ್ಕದಲ್ಲಿ ಯಾರು ಅಂತ ಬರಲ್ಲ. ಎಷ್ಟು ಅಂತ ಮಾತ್ರ.’

ಆಗ ಆ ತುದಿಯಲ್ಲಿ ಬೆನ್ನು ಮಾಡಿ ಕೂತವಳು ಬೆರಳು ಮುರಿಯುವುದಕ್ಕೆ ಶುರು ಮಾಡಿದಳು. ಕಿರುಬೆರಳಿನಿಂದ. ಲಟ್. ಉಂಗುರದ ಬೆರಳು. ಲಟ್. ನಡುಬೆರಳು ಬಿಟ್ಟು ತೋರುಬೆರಳು... ಲಟ್. ಆಮೇಲೆ ಬಿಟ್ಟದ್ದು.

ಆ ವರಸೆಯಲ್ಲಿ ಬೆರಳು ಮುರಿಯುವವರನ್ನು ಎಣಿಕೆ ಲೋಕದಲ್ಲಿ ಒಬ್ಬರನ್ನೇ ಕಂಡಿದ್ದಳು. ಹಾಗೆ ಮಾಡಬೇಡ ಅಂತ ಹತ್ತು ವರ್ಷದಿಂದ ಬೈಯುತ್ತಿದ್ದಳು.

ಅವಳು ಓಡಿದಳು. ಓಡುತ್ತಲೂ ಒಳಗಡೆ ಎಣಿಕೆ ನಡೆದೇ ಇತ್ತು. ನೂರೈವತ್ತು... ಇನ್ನೂರು... ಚಪ್ಪಲಿ ಎಲ್ಲಿ ಬಿಟ್ಟಳೋ... ಇನ್ನೂರ ನಲವತ್ತನೇ ಹೆಜ್ಜೆಗೆ ತಿರುವು ಮುಗಿಯಿತು. ಬೀದಿದೀಪ ಉರಿಯುತ್ತಿತ್ತು. ಕರೆಂಟು ಹೋಗಿರಲೇ ಇಲ್ಲ. ಅರವತ್ತಕ್ಕೆ ತೊಂಬತ್ತು ಹೆಜ್ಜೆ ಆದರೆ ನೂರ ಅರವತ್ತಕ್ಕೆ ಎಷ್ಟು ಅಂತ, ಬೇಕಾದರೆ ನಿಮ್ಮ ಮನೆಯಲ್ಲಿ ಓದಿದವರು ಇದ್ದರೆ ಕೇಳಿ. ನಾನು ಕೇಳಿದ್ದೇನೆ. ಇನ್ನೂರ ನಲವತ್ತೇ.

ಮನೆಯಲ್ಲಿ ಮಗಳು ಹಾಸಿಗೆಯ ಮೇಲೆ ಕಾಲು ಚಾಚಿ ಫೋನ್ ನೋಡುತ್ತಿದ್ದಳು. ಇವಳು ಹೋಗಿ ಅವಳ ಕೈ, ಮುಖ, ಪಾದ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

‘ಏನಮ್ಮ ಇದು? ಬರಿಗಾಲಲ್ಲಿ ಬಂದಿದ್ದೀಯ?’

‘ಇವತ್ತು ಯಾವ ದಾರೀಲಿ ಬಂದೆ?’

‘ಮಾರ್ಕೆಟ್ ಕಡೆ.’

‘ನನ್ನ ಮುಖ ನೋಡಿ ಹೇಳು.’

ಮಗಳು ಫೋನ್ ಕೆಳಗಿಟ್ಟಳು. ‘ಬಾವಿ ಕಡೆ. ದಿನಾ ಬಾವಿ ಕಡೆನೇ. ಮಾರ್ಕೆಟ್ ಸುತ್ತಿದ್ರೆ ಇಪ್ಪತ್ತು ನಿಮಿಷ ಜಾಸ್ತಿ. ಇಷ್ಟು ದಿನ ಏನೂ ಆಗಿಲ್ವಲ್ಲ ಅಮ್ಮ.’

ಗಂಟಲು ಹೇಳಿದ್ದ ಮಾತೇ. ಮಗಳ ಬಾಯಲ್ಲಿ.

ಆ ರಾತ್ರಿಯೆಲ್ಲ ಎಣಿಕೆ ಸ್ಕೂಟರಿನ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ಬೆಳಗ್ಗೆ ಕಸ ಗುಡಿಸುವವಳಿಗಿಂತ ಮೊದಲು ಕಚೇರಿಗೆ ಹೋಗಿ ಆ ಒಂದನ್ನು ಅಳಿಸಿದಳು. ಅರವತ್ತು. ನಾಲ್ಕು. ಪಟ್ಟಿ ಕಳಿಸಿದಳು. ಬಟ್ಟೆ ಅಂಗಡಿ ಎರಡನೇ ಜಾಗಕ್ಕೆ ಜಾರಿತು.

ಹನ್ನೊಂದಕ್ಕೆ ಗಂಟಲು ಬಂದು ಮೇಜಿನ ಮುಂದೆ ನಿಂತ. ಆವತ್ತು ಗಂಟಲು ಸರಿಮಾಡಿಕೊಳ್ಳಲೂ ಇಲ್ಲವಂತೆ.

‘ಏನ್ರೀ ಮಾಡಿದ್ರಿ? ಎರಡು ವರ್ಷದಿಂದ ಒಬ್ಬನೂ ಬೀಳದ ಜಾಗಕ್ಕೆ ಕಂಬಿ?’

‘ಬಿದ್ದಿಲ್ಲ ಸಾರ್. ಕಾಯ್ತಾ ಕೂತಿದ್ದಾರೆ.’

‘ಯಾರು?’

‘ಬೇಕಾದ್ರೆ ರಾತ್ರಿ ಹತ್ತೂವರೆಗೆ ನಡ್ಕೊಂಡು ಹೋಗಿ ನೋಡಿ. ಅಂಗಡಿಯಾಕೇನೂ ಕರ್ಕೊಂಡು ಹೋಗಿ, ಜೊತೆಗಿರ್ತಾರೆ.’

ಇಡೀ ಕಚೇರಿಯ ಟೈಪಿಂಗ್ ನಿಂತಿತಂತೆ. ಈ ಒಂದು ಮಾತಿಗೆ ನಾನು ಅವಳ ಹಳೇ ತಪ್ಪುಗಳನ್ನೆಲ್ಲ ಮನ್ನಿಸಿದ್ದೇನೆ. ಎರಡೇ ವಾರದಲ್ಲಿ ಅವಳಿಗೆ ವರ್ಗವಾಯಿತು. ಈಗ ಮೂರು ಬಸ್ಸು ಬದಲಾಯಿಸಿ ಹೋಗುತ್ತಾಳೆ.

ಕಂಬಿ ಮಾತ್ರ ಬಂತು. ಬಾವಿಯ ಮುಂದೆ ಉದ್ದಕ್ಕೂ ಉಕ್ಕಿನ ಕಂಬಿ, ಎರಡು ದೀಪ. ‘ಇನ್ನೇನು, ನೆಮ್ಮದಿಯಾಗಿರು’ ಅಂದೆ ನಾನು. ಅವಳ ಮುಖ ಅರಳಲಿಲ್ಲ.

‘ಕಂಬಿ ಹಾಕಿದ ಮೇಲೆ ಮತ್ತೆ ಲೆಕ್ಕ ಹಾಕಿದೆ ಅಕ್ಕ. ನಾಲ್ಕು ಇದ್ದದ್ದು ಒಂದಕ್ಕೆ ಬಂತು.’

‘ಸೊನ್ನೆ ಆಗಲಿಲ್ವೇನೇ?’

‘ಸೊನ್ನೆ ಯಾವತ್ತೂ ಬರಲ್ಲ.’ ಅಷ್ಟು ಹೇಳಿ ಬಾಗಿಲ ಕಡೆ ನೋಡಿದಳು. ಮಗಳು ಬರುವ ಹೊತ್ತಾಗಿತ್ತು. ಒಬ್ಬರು ಅಂದರೆ ಯಾರು, ಅದೇ ಅವಳನ್ನು ಕೊರೆಯುತ್ತಿದ್ದದ್ದು. ಸ್ಕೂಟರ್ ಮಾರಿಸಿಬಿಟ್ಟಿದ್ದಳು. ಮಗಳು ಬಸ್ಸಿನಲ್ಲೇ ಓಡಾಡುತ್ತಿದ್ದಳು, ಅದೂ ಮಾರುಕಟ್ಟೆ ಕಡೆಯ ಬಸ್ಸು. ಆ ರಾತ್ರಿಯ ವಿಷಯ ಮಗಳಿಗೆ ಇವಳು ಹೇಳಿರಲಿಲ್ಲ. ನನಗೊಬ್ಬಳಿಗೇ ಹೇಳಿದ್ದು. ಮಗಳಿಗೆ ನಾನೂ ಹೇಳಿಲ್ಲ. ನಂಬಿ.

ಹೀಗೆ ನಾಲ್ಕು ತಿಂಗಳಾಯಿತು. ಒಂದು ಸಂಜೆ ನಾನು ಅವರ ಮನೆಯಲ್ಲೇ ಕೂತಿದ್ದೆ. ಮಗಳು ಬಂದು ಚೀಲ ಇಟ್ಟು ನೀರು ಕುಡಿದು ಹೇಳಿದಳು.

‘ಅಮ್ಮ, ಇವತ್ತು ಬಸ್ಸಲ್ಲಿ ಒಬ್ಬರು ತಾತ ಸಿಕ್ಕಿದ್ರು. ಪಕ್ಕದಲ್ಲಿ ಬಂದು ಕೂತು, ನನ್ನನ್ನೇ ನೋಡಿ ನಕ್ಕು, ಮನೆ ಸೇರಿದ್ಯಾ ಮಗಳೇ ಅಂದ್ರು. ನಾನು ಹೂಂ ಸೇರಿದೆ, ನೀವು? ಅಂದೆ. ಯಾಕೆ ಹಾಗಂದೆ ಗೊತ್ತಿಲ್ಲ. ಅವರು ಯಾರು ಅಂತಲೂ ಗೊತ್ತಿಲ್ಲ. ತುಂಬ ಹೊತ್ತು ಎಲ್ಲೋ ಜೊತೆಗೆ ಕೂತಿದ್ದ ಹಾಗೆ ಅನ್ನಿಸ್ತು.’

ಎಣಿಕೆ ಮಗಳ ಕೈ ಹಿಡಿದುಕೊಂಡಳು. ‘ಅವರೇನಂದ್ರು?’ ಅಂತ ಕೇಳಿದ್ದು ನಾನು.

‘ನಾನೂ ಸೇರಿದೆ, ಆ ಮಗುವಿನ ತಾಯೀನೂ ಸೇರಿದ್ಲು ಅಂದ್ರು. ಆಮೇಲೆ ಕಿಟಕಿ ಕಡೆ ತಿರುಗಿ, ಪಾಪ, ಒಂದೇ ಚಪ್ಪಲಿಯವನು ಇನ್ನೂ ಅಲ್ಲೇ ಕೂತಿದ್ದಾನೆ ಅಂದ್ರು.’

ಆ ತಾತ ಯಾವ ಸ್ಟಾಪಿನಲ್ಲಿ ಇಳಿದ ಅಂತ ಕೇಳಿದೆ. ಅವಳು ನೋಡಲಿಲ್ಲವಂತೆ. ಅವಳ ಸ್ಟಾಪ್ ಬಂತು, ಅವಳೇ ಮೊದಲು ಇಳಿದಳಂತೆ. ಬಸ್ಸು ಮುಂದೆ ಹೋಯಿತು. ಇದು ನಾನು ಕಿವಿಯಾರೆ ಕೇಳಿದ ಮಾತು, ಒಂದಕ್ಷರ ಸೇರಿಸಿಲ್ಲ. ಆಗ ಸಂಜೆ ಆರೂಕಾಲು, ಇನ್ನೂ ಬೆಳಕಿತ್ತು.