ಬರಬ್ಯಾಡ ಅಂತ ಬರೆದಾಕಿ

ಕುಂದರ್ರೆಪ್ಪಾ, ಕುಂದರ್ರೆವ್ವಾ. ಸ್ವಲ್ಪ ಹತ್ರ ಬರ್ರಿ, ಇದು ಗಟ್ಟಿ ದನಿಲೆ ಹೇಳೋ ಕತಿ ಅಲ್ಲ. ಯಾವುದೋ ಒಂದು ನಾಡು, ಆ ನಾಡಾಗ ಒಂದು ಊರು. ಊರ ಹೆಸರು ಕೇಳಬ್ಯಾಡ್ರಿ, ಕೇಳಿದ್ರ ನಿಮ್ಮೂರಿನ ಹೆಸರೇ ಬಂದೀತು.

ಆ ಊರಾಗ ಶಿವಲೀಲಾ ಅಂತ ಒಬ್ಬಾಕಿ ಹುಡುಗಿ. ಹಡೆದೋರು ಇರಲಿಲ್ಲ, ಸೋದರತ್ತಿ ದ್ಯಾಮವ್ವನ ಮನ್ಯಾಗ ಬೆಳೆದಾಕಿ. ಡಿಗ್ರಿ ಮುಗಿಸಿದ್ಲು, ಕೆಲಸ ಸಿಕ್ಕಿರಲಿಲ್ಲ. ಮುಂಜಾನೆ ಫೋನ್ ನೋಡ್ತಿದ್ಲು, ಮಧ್ಯಾಹ್ನ ನೋಡ್ತಿದ್ಲು, ಸಂಜಿಕೂ ನೋಡ್ತಿದ್ಲು. ಎಲ್ಲೆರ ಕೆಲಸ ಐತೇನು ಅಂತ.

ಒಂದಿನ ಕೆಲಸನೇ ಆಕಿನ್ನ ಹುಡುಕ್ಕೊಂಡು ಬಂತು. ಯಾರೋ ಸ್ನೇಹಾ ಮೇಡಂ. ಫೋಟೋದಾಗ ನಗೋ ಮುಖ. "ದೊಡ್ಡ ಕಂಪನಿ, ಕಂಪ್ಯೂಟರ್ ಕೆಲಸ, ಕೈತುಂಬ ಪಗಾರ, ಊಟ, ಇರಾಕ ಜಾಗ. ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ. ಒಂದೇ ಜಾಗ ಉಳಿದೈತಿ, ನಾಳೆನೇ ಬರ್ರಿ."

ದ್ಯಾಮವ್ವ ಕೇಳಿದ್ಲು, "ಆ ಮೇಡಂನ್ನ ಕಣ್ಣಿಲೆ ಕಂಡೀಯೇನು?"

"ಇಲ್ಲ."

"ಆಫೀಸು ಎಲ್ಲೈತಿ?"

"ಬಂದಮ್ಯಾಲ ಹೇಳ್ತಾರಂತ."

"ನೀ ಅರ್ಜಿ ಹಾಕಿಲ್ಲ, ಏನಿಲ್ಲ. ನಿನ್ನ ಹೆಸರು ಅವರಿಗೆ ಹೆಂಗ ಗೊತ್ತಾತು?"

ಶಿವಲೀಲಾ ಫೋನ್ ಕೆಳಗಿಟ್ಲು. ಆಮ್ಯಾಲ ಅಂದ್ಲು, "ಅತ್ತಿ, ಈಗಿನ ಕಾಲ ಹಿಂಗ. ನಿಮಗ ತಿಳಿಯಂಗಿಲ್ಲ." ಮರುದಿನ ಚೀಲ ತಗೊಂಡು ಬಸ್ ಹತ್ತಿದ್ಲು.

ಪ್ಯಾಟಿ ಬಸ್‌ಸ್ಟ್ಯಾಂಡಿನಾಗ ಒಬ್ಬ ಗಂಡಸು ಕಾರ್ ತಂದು ನಿಂತಿದ್ದ. "ಮೇಡಂ ಎಲ್ಲಿ?" ಅಂದ್ಲು. "ಮುಂದ ಅದಾರ," ಅಂದ. ಕಾರು ಊರ ಹೊರಗ ಹೋತು, ಮುಚ್ಚಿದ ಹತ್ತಿ ಗಿರಣಿ ದಾಟಿತು, ಅದರ ಹಿಂದಿನ ಒಂದು ಮನಿ ಮುಂದ ನಿಂತಿತು.

"ಫೋನ್ ಕೊಡು, ಕಂಪನಿ ಸಿಮ್ ಹಾಕ್ತೀವಿ," ಅಂದ ಕಾರಿನವ. ಕೊಟ್ಲು.

"ಆಧಾರ್ ಕೊಡು." ಕೊಟ್ಲು.

"ಮಾರ್ಕ್ಸ್ ಕಾರ್ಡ್ ಕೊಡು." ಅದನ್ನೂ ಕೊಟ್ಲು. ಒಳಗ ಹೆಜ್ಜಿ ಇಟ್ಲು ನೋಡ್ರಿ, ಹೊರಗಿಂದ ಚಿಲಕ ಬಿತ್ತು.

ಒಳಗ ಏನಿತ್ತು ಅಂತೀರಿ? ಸಾಲಾಗಿ ಕುಂತ ಹುಡುಗ್ಯಾರು. ಎಲ್ಲಾರ ಕೈಯಾಗೂ ಒಂದೊಂದು ಫೋನು. ಎಲ್ಲಾ ಫೋನಿನಾಗೂ ಅದೇ ನಗೋ ಮುಖ.

"ಸ್ನೇಹಾ ಮೇಡಂ ಎಲ್ಲದಾರವ್ವಾ?" ಅಂತ ಶಿವಲೀಲಾ ಪಕ್ಕದಾಕಿನ್ನ ಕೇಳಿದ್ಲು.

ಆಕಿ ತಲಿ ಎತ್ತಲಿಲ್ಲ. "ನಾವೇ ಸ್ನೇಹಾ ಮೇಡಂ. ಇವತ್ತಿನಿಂದ ನೀನೂ."

ಬ್ಯಾರೆ ಹುಡುಗ್ಯಾರಿಗೆ ನಾ ಸುಳ್ಳು ಕೆಲಸದ ಮಾತು ಬರೆಯಂಗಿಲ್ಲ ಅಂದ್ಲು ಶಿವಲೀಲಾ. ಊಟ ನಿಲ್ಲಿಸಿದ್ರು. ನೀರೂ ನಿಲ್ಲಿಸಿದ್ರು. ಕಾವಲಿನವ ಬಂದು, "ನಿಮ್ಮತ್ತಿ ಮನಿ ಎಲ್ಲೈತಿ ಗೊತ್ತೈತಿ ನಮಗ. ನಿನ್ನ ಆಧಾರ್ ಕಾರ್ಡಿನಾಗೇ ಐತಿ," ಅಂದ. ಆಗ ಬರೆದ್ಲು. ನೀವಾಗಿದ್ರ ಏನ್ ಮಾಡ್ತಿದ್ರಿ? ನಾನಾಗಿದ್ರ?

ಮೊದಲನೇ ಹುಡುಗಿಗೆ ಬರೆದ್ಲು, ಉತ್ತರ ಬರಲಿಲ್ಲ. ದೇವರಿಗೆ ಕೈ ಮುಗಿದ್ಲು. ಎರಡನೇ ಹುಡುಗಿಗೆ ಬರೆದ್ಲು. ಆಕಿ ಹೆಸರು ಹಸೀನಾ. "ಬರ್ತೀನಿ ಮೇಡಂ, ನಿಮ್ಮ ಉಪಕಾರ ಮರೆಯಂಗಿಲ್ಲ," ಅಂತ ಉತ್ತರ ಬಂತು. ಸ್ವಲ್ಪ ದಿನಕ್ಕ ಬಾಗಿಲು ತೆರೀತು. ಹೊಸ ಚಪ್ಪಲಿ ಹಾಕ್ಕೊಂಡು, ಚೀಲ ಎದಿಗೆ ಅವಚಿಕೊಂಡು ಒಬ್ಬಾಕಿ ಒಳಗ ಬಂದ್ಲು. "ಸ್ನೇಹಾ ಮೇಡಂ ಯಾರ್ರೀ?" ಅಂತ ಕೇಳಿದ್ಲು. ಶಿವಲೀಲಾ ಫೋನಿನಾಗ ತಲಿ ತಗ್ಗಿಸಿದ್ಲು.

ಮೂರನೇಯಾಕಿ ಭಾರತಿ. "ನಾಳೆ ಬಸ್ ಹತ್ತಲೇನು ಮೇಡಂ?" ಅಂತ ಕೇಳಿದ್ಲು. ಅಷ್ಟರಾಗ ಹೊರಗ ಕಾರಿನ ಹಾರ್ನ್ ಆತು, ಕಾವಲಿನವ ಕಿಟಕಿ ಕಡೆ ತಿರುಗಿದ. ಶಿವಲೀಲಾ ಗಡಬಡಿಸಿ ಬರೆದ್ಲು. "ಬರಬ್ಯಾಡ. ಎಲ್ಲಾ ಸುಳ್ಳು. ಹತ್ತಿ ಗಿರಣಿ ಹಿಂದ ನಮ್ಮನ್ನ ಕೂಡಿ ಹಾಕ್ಯಾರ. ಪೊಲೀಸರಿಗೆ ತೋರಿಸು." ಭಾರತಿ ಓದಿದ್ದು ಕಂಡಕೂಡ್ಲೆ ತನ್ನ ಕೈಯಾಗಿನ ಫೋನಿನಾಗಿಂದಷ್ಟ ಅಳಿಸಿದ್ಲು.

ಅಳಿಸೋದನ್ನ ಅವ ನೋಡಿದ. ಏನು ಬರೆದಿದ್ದಿ ಅಂತ ಹೊಡೆದ. ಆಕಿ ಹೇಳಲಿಲ್ಲ. ಸಾಮಾನಿನ ಕ್ವಾಣ್ಯಾಗ ದೂಡಿ ಬೀಗ ಹಾಕಿದ.

ಕತ್ತಲಾಗ ಕುಂತು ಏನೇನು ಅನಿಸಿರಬೇಕು ಆಕಿಗೆ. ಆ ಹುಡುಗಿ ನಂಬಿದ್ಲೋ ಇಲ್ಲೋ? ಯಾರೋ ಚಾಷ್ಟಿ ಮಾಡ್ಯಾರ ಅಂತ ಬಿಟ್ಲೋ? ಹೊರಗ ಹೆಜ್ಜಿ ಸಪ್ಪಳ ಕೇಳಿದ್ರ ಭಾರತಿನೇ ಬಂದ್ಲು ಅನಿಸೋದು, ಕಿವಿ ಮುಚ್ಕೊಳ್ಳಾಕಿ.

ಭಾರತಿ ಬಸ್ ಹತ್ತಲಿಲ್ರೆವ್ವಾ. ಅಪ್ಪನ್ನ ಕರ್ಕೊಂಡು ಠಾಣೆಗೆ ಹೋದ್ಲು. ಮರುದಿನ ಜೀಪು ಬಂತು, ಬೀಗ ಒಡೀತು, ಹುಡುಗ್ಯಾರು ಬೆಳಕಿಗೆ ಬಂದ್ರು. ಕಾವಲಿನವ ಸಿಕ್ಕ. ಕಾರಿನವ ಸಿಗಲಿಲ್ಲ, ಇನ್ನೂ ಸಿಕ್ಕಿಲ್ಲ.

ವಾಪಸ್ ಬರೋ ಬಸ್ಸಿನಾಗ ಹಸೀನಾ ಪಕ್ಕಕ್ಕ ಕುಂತಿದ್ಲು. ಶಿವಲೀಲಾಗ ತಡೀಲಿಕ್ಕಾಗಲಿಲ್ಲ. "ನಿನಗ ಬರೆದಾಕಿ ನಾನೇ ಯವ್ವಾ," ಅಂದ್ಲು.

ಹಸೀನಾ ಚೀಲ ಮತ್ತ ಎದಿಗೆ ಅವಚಿಕೊಂಡ್ಲು. ಆಮ್ಯಾಲ ಅಂದ್ಲು, "ನನ್ನ ಕೈಲೂ ಬರೆಸಿದ್ರಕ್ಕಾ. ನನಗ ಬರಬ್ಯಾಡ ಅನ್ನೋ ಧೈರ್ಯ ಆಗಲಿಲ್ಲ. ಆ ಹುಡುಗಿ ಬರ್ತೀನಿ ಅಂದಿದ್ಲು. ನಮ್ಮನ್ನ ಕೂಡಿ ಹಾಕಿದ್ದ ಮನಿಗಂತೂ ಬರಲಿಲ್ಲ. ಎಲ್ಲಿಗೆ ಕರ್ಕೊಂಡು ಹೋದ್ರೋ, ಗೊತ್ತಿಲ್ಲ."

ನನ್ನ ಬಾಯಿಗೆ ಬಂದ ಕತಿ ನಿಮ್ಮ ಕಿವಿಗೆ ಬಿತ್ತು. ಇನ್ನ ಏಳ್ರಿ, ಹುಡುಗ್ಯಾರು ಮನ್ಯಾಗ ಅದಾರೇನು ನೋಡಿಕೊಳ್ರಿ.