ಸೊರಗಿದ ಮಗನ ಫೋಟೋ

ಜೆರಾಕ್ಸ್ ಅಂಗಡಿಯವನ ಕೈ ಯಂತ್ರದ ಮೇಲಿದ್ದರೂ ಕಿವಿಯೆಲ್ಲ ಮುಂದೆ ನಿಂತ ಅತ್ತೆ-ಸೊಸೆಯರ ಮೇಲಿತ್ತು.

"ಅತ್ತೆ, ಫೈಲಲ್ಲಿದ್ದ ಇವರ ಫೋಟೋ ಎಲ್ಲಿ? ಇದು ನಮ್ಮ ಮದುವೇದು."

"ನಾನೇ ಬದಲಾಯಿಸ್ದೆ. ಅದ್ರಲ್ಲಿ ಕಡ್ಡಿ ಥರ ಇದ್ದ."

"ಅದೇ ಬೇಕಾಗಿತ್ತು. ಎಕ್ಸ್‌ಚೇಂಜ್ ವೀಸಾದಲ್ಲಿ ನನ್ನ ಥರ ವಿದೇಶದಲ್ಲಿ ಓದಿ ಬಂದೋರು ಅಲ್ಲಿಗೆ ವಾಪಸ್ ಹೋಗೋಕೆ ಮುಂಚೆ ಎರಡು ವರ್ಷ ಸ್ವಂತ ದೇಶದಲ್ಲಿರ್ಬೇಕು. ನಾನಿಲ್ದೆ ಗಂಡ ಅಲ್ಲಿ ಕಷ್ಟಪಡ್ತಿದಾರೆ ಅಂತ ತೋರಿಸಿದ್ರೆ ತಾನೇ ವಿನಾಯಿತಿ?"

"ಅದಕ್ಕೆ ಯಾವನೋ ಅಧಿಕಾರಿ ನನ್ನ ಮಗನ ಮೂಳೆ ಎಣಿಸ್ಬೇಕಾ? ಹೆತ್ತವಳು ಒಂದು ಅಡುಗೆ ಕಲಿಸ್ಲಿಲ್ಲ ಅಂದ್ಕೋತಾನೆ."

"ಕಲಿಸಿದ್ರಾ?"

ಅತ್ತೆ ಚೀಲದ ಜಿಪ್ಪನ್ನು ಸುಮ್ಮನೆ ಎಳೆದಾಡಿದರು.

"ಒಲೆ ಹತ್ರ ಬಂದ್ರೆ ನಾನೇ ಓಡಿಸ್ತಿದ್ದೆ."

"ಮತ್ತೆ? ಆ ಫೋಟೋ ಕೊಡಿ."

"ಅದು ಬೇಡ. ಹೋದ ವಾರ ನನಗೊಬ್ಬಳಿಗೇ ಒಂದು ಕಳಿಸಿದಾನೆ. ನಿನಗೆ ತೋರಿಸ್ಬೇಡ ಅಂದಿದ್ದ."

ಅತ್ತೆ ತೆಗೆದುಕೊಟ್ಟ ಮೊಬೈಲಲ್ಲಿ ಸೊಸೆ ಗಂಡನ ಎದ್ದುಕಾಣುವ ಕೆನ್ನೆಮೂಳೆ ನೋಡಿದಳು. ಆಮೇಲೆ ಅದನ್ನು ಅಂಗಡಿಯವನ ಮುಂದಿಟ್ಟಳು.

"ದೊಡ್ಡದಾಗಿ ತೆಗಿಯಪ್ಪ," ಎಂದರು ಅತ್ತೆ. "ಮೂಳೆ ಎಣಿಸೋ ಹಾಗಿರ್ಲಿ."

ಪ್ರಿಂಟು ಬಂತು. ಅದನ್ನು ಮದುವೆ ಫೋಟೋದ ಮೇಲಿಟ್ಟುಕೊಂಡು ಇಬ್ಬರೂ ಹೊರಟರು.