ಒಂಬತ್ತನೇ ಬಿ ಕ್ಲಾಸಿನಲ್ಲಿ ಬಸ್ಸು

ಹಲೋ… ಯಾರು ಮಾತಾಡೋದು?… ಹಾಂ? ಸ್ವಲ್ಪ ಜೋರಾಗಿ ಹೇಳಿ, ಮೇಳಿಗೆ ಕಡೆ ಸಿಗ್ನಲ್ ಗೊತ್ತಲ್ವಾ…

…ಓ, ಶರಾವತಿ ಅಕ್ಕನಾ! ಯಾರ ನಂಬರ್ ಇದು?… ನಿಮ್ಮ ಮನೆಯವರದ್ದಾ. ಸರಿ ಸರಿ, ಹೇಳಿ ಅಕ್ಕಾ…

…ಕ್ಲಾಸಾ? ಅದರ ಸುದ್ದಿ ಎತ್ತಬೇಡಿ ಮಾರಾಯ್ರೇ. ಒಂಬತ್ತನೇ ಬಿ ಅಂದ್ರೆ ಊಟ ಸೇರಲ್ಲ ನಂಗೆ… ಅಲ್ಲ, ನೀವು ಇಲ್ಲಿ ಪಾಠ ಮಾಡ್ತಿದ್ದಾಗ ಇಷ್ಟಿರ್ಲಿಲ್ಲ. ಈಗ ಕಿಟಕಿ ಸರಳಿಗೆಲ್ಲ ಗುಟ್ಕಾ ಉಗುಳಿರ್ತಾರೆ. ಮೀಸೆ ಮೂಡದ ಹುಡುಗ್ರು! ಡಸ್ಟರ್ ಎತ್ತಿದ್ರೆ ಅದರಡಿ ಸತ್ತ ಕಪ್ಪೆ. ಥೂ!

…ಹೂಂ, ಸೋಮವಾರದ್ದು ನಿಮಗೂ ಗೊತ್ತಾಯ್ತಾ? ಯಾರು ಹೇಳಿದ್ರು?… ಹೌದು, ಕುರ್ಚಿಗೆ ಹಲಸಿನ ಮೇಣ ಬಳಿದಿದ್ರು. ಕೂತೆ. ಏಳೋಕೆ ಹೋದ್ರೆ ಸೀರೆ ಬಿಡ್ತಾ ಇಲ್ಲ. ಇಡೀ ಕ್ಲಾಸು ಬೆಂಚು ಬಡಿದು ನಗ್ತು… ಅಮ್ಮನ ಸೀರೆ ಅಕ್ಕಾ ಅದು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಮೇಣ ಹೋಯ್ತು, ಎಣ್ಣೆ ಕಲೆ ಉಳೀತು.

…ಹೆಡ್‌ಮಾಸ್ಟ್ರಾ? ಅವರೆಂತ ಹೇಳ್ತಾರೆ. 'ಮಕ್ಕಳಲ್ವಾ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ' ಅಂದ್ರು. ನಾನೋ ಅತಿಥಿ ಶಿಕ್ಷಕಿ. ಬಾಯಿ ಮುಚ್ಕೊಂಡು ಬಂದೆ.

…ಏನಂದ್ರಿ? ನಿಮ್ಮ ಶಾಲೇಲಿ ಕೆಲಸ ಖಾಲಿ ಇದ್ಯಾ?… ಸಾಗರದಲ್ಲೇ? ವಿಜ್ಞಾನಕ್ಕೇ?… ಇವತ್ತೇ ಹೇಳಬೇಕಾ?…

…ಇಲ್ಲ ಇಲ್ಲ, ಲೈನಲ್ಲೇ ಇದೀನಿ… ನೀವು ನಿನ್ನೆ ಫೋನ್ ಮಾಡಿದ್ರೆ ಉಟ್ಟ ಬಟ್ಟೇಲೇ ಬಸ್ ಹತ್ತಿ ಬಂದುಬಿಡ್ತಿದ್ದೆ ಅಕ್ಕಾ.

…ಇವತ್ತು ಎಂತ ಆಯ್ತಾ? ಹೇಳಿದ್ರೆ ನಗ್ತೀರಿ. ಶಬ್ದದ ಪಾಠ ಇತ್ತು. ಆ ಕುರ್ಚಿ ಹತ್ರ ಹೋಗ್ಲೇ ಇಲ್ಲ ನಾನು, ನಿಂತೇ ಮಾಡ್ತಿದ್ದೆ. ಬೋರ್ಡ್ ಕಡೆ ತಿರುಗಿದ್ದೇ ತಡ, ಹಿಂದಿನಿಂದ ಬಸ್ಸು! ಹುಂಚದ ಬಸ್ಸು ಏರು ಹತ್ತುತ್ತಲ್ಲ, ಗೇರ್ ಬದಲಾಯಿಸಿ ಗೊರಗೊರ ಅಂತ, ಥೇಟ್ ಹಂಗೇ. ಮಧ್ಯೆ ಕಂಡಕ್ಟರ್ ಸೀಟಿ ಬೇರೆ… ಯಾರು ಅಂದ್ರೆ, ದುರ್ಗೇಶ್. ಹಿಂದಿನ ಬೆಂಚಿನವನು. ಮೇಣದ ಕೆಲಸನೂ ಅವನದ್ದೇ ಅಂತ ಎಲ್ಲರಿಗೂ ಗೊತ್ತು.

…ಹೊಡೀಲಿಲ್ಲ. ಹೊಡೀಬೇಕು ಅಂತಲೇ ಮುಂದೆ ಕರೆದೆ. ಅವನೂ ಕೈ ಚಾಚ್ಕೊಂಡೇ ಬಂದ. ಆ ಕೈ ನೋಡಿ ನಂಗೆ ಅದೆಂತ ಅನ್ನಿಸ್ತೋ, 'ಬಸ್ಸು ಇನ್ನೊಂದ್ಸಲ ಹತ್ತಿಸೋ' ಅಂದೆ… ನಿಜವಾಗ್ಲೂ! ಪಾಪ, ಚಾಚಿದ ಕೈ ಹಿಂದಕ್ಕೆ ತಗೊಂಡ. ಆಮೇಲೆ ಮೆಲ್ಲಗೆ ಶುರು ಮಾಡಿದ. ಎಲ್ಲರೂ ಮಾಡಿ, ಗಂಟಲಿಗೆ ಕೈ ಇಟ್ಕೊಂಡು ಮಾಡಿ ಅಂದೆ.

…ನೋಡಬೇಕಿತ್ತು ನೀವು! ಇಡೀ ಒಂಬತ್ತನೇ ಬಿ ಗಂಟಲು ಹಿಡ್ಕೊಂಡು ಏರು ಹತ್ತುತ್ತಾ ಇದೆ. ಸಿಂಚನಾ ಅಂತ ಒಬ್ಬಳಿದಾಳೆ, ಹಾಜರಿ ಕೂಗಿದ್ರೂ ಬಾಯಿ ಬಿಡಲ್ಲ, ಕೈ ಎತ್ತೋದಷ್ಟೇ. ಅವಳು ಎದ್ದು ನಿಂತು ಕೂಗಿದ್ಲು, 'ಮಿಸ್, ನಡುಗ್ತಾ ಇದೆ! ಒಳಗೆ ನಡುಗ್ತಾ ಇದೆ!'… ಅದೇ ಕಂಪನ ಅಕ್ಕಾ! ವಾರದಿಂದ ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿತ್ತು ನಂಗೆ. ನಗು ತಡೆಯೋಕೇ ಆಗ್ಲಿಲ್ಲ. ಕಣ್ಣಲ್ಲಿ ನೀರು ಬಂತು.

…ಸುಧಾರಿಸಿದ್ರಾ? ಎಲ್ಲಿ ಸುಧಾರಿಸ್ತಾರೆ! ಬೆಲ್ ಹೊಡೆದ ಮೇಲೆ ನೋಡ್ತೀನಿ, ನನ್ನ ಕೊಡೆ ಒಳಗೆ ಕೊಳೆತ ಬಾಳೆಹಣ್ಣಿನ ಸಿಪ್ಪೆ ತುಂಬಿದಾರೆ. ಹೇಸಿಗೆ ಮಕ್ಕಳು! ಎಷ್ಟು ಕೈ ತೊಳೆದ್ರೂ ವಾಸನೆ ಹೋಗ್ತಿಲ್ಲ.

…ಗೊತ್ತು ಅಕ್ಕಾ. ನಿಮ್ಮ ಶಾಲೆ ಮಕ್ಕಳು ಕೈಕಟ್ಟಿ ಕೂರ್ತಾರೆ, ಗೊತ್ತು… ಅಲ್ಲ, ನಂಗೋಸ್ಕರ ಹೋಗಿ ಕೇಳಿದೀರಿ, ಬೇಜಾರು ಮಾಡ್ಕೋಬೇಡಿ…

…ಬರಲ್ಲ. ಈ ವರ್ಷ ಬರಲ್ಲ ಅಕ್ಕಾ.

…ಹುಚ್ಚೇ ಇರಬಹುದು. ಆದ್ರೆ ಆ ಸಿಂಚನಾ ನಾಳೆ ಏನೋ ಕೇಳ್ಬೇಕು ಅಂದಿದಾಳೆ. ಅವಳು ಬಾಯಿ ಬಿಡೋ ಹೊತ್ತಿಗೆ ನಾನು ಇರಬೇಡ್ವಾ?… ಎಂತ ಕೇಳ್ತಾಳೋ ಯಾರಿಗೆ ಗೊತ್ತು. ಭಯ ಆಗಿ ಈಗಲೇ ಪುಸ್ತಕ ತೆಗೆದು ಕೂತಿದೀನಿ…

…ಅಕ್ಕಾ? ಕೇಳ್ತಾ ಇದ್ಯಾ?… ನಿಮ್ಮ ಶಾಲೆಯವರಿಗೆ ನೀವೇ ಹೇಳಿಬಿಡಿ, ಸ್ವಾತಿ ಬರ…